ಶಟರಿಗೆ ಕಟ್ಟಿದ ಹೊಸ್ತಿಲು

ಅಳತೆ ನಾನೇ ತೆಗೆದಿದ್ದೆ. ಅಗಲ ಒಂಬತ್ತು ಅಡಿ, ಎತ್ತರ ಎಂಟು ಅಡಿ. ಎಡಗಂಬದಿಂದ ಬಲಗಂಬಕ್ಕೆ ಮೇಲೊಮ್ಮೆ, ನಡುವೊಮ್ಮೆ, ಕೆಳಗೊಮ್ಮೆ ಟೇಪು ಹಿಡಿದು ಮೂರನ್ನೂ ಬರೆದುಕೊಂಡಿದ್ದೆ. ಹುಕ್ಕೇರಿಯಲ್ಲಿ ಖಾಸಗಿ ಸರ್ವೇಯರೊಬ್ಬರ ಹತ್ತಿರ ನಾನು ಕೆಲಸ ಮಾಡುತ್ತೇನೆ. ಬೇರೆಯವರ ಹೊಲದ ಗಡಿ ಅಳೆದು ಬರೆದಿಡುವುದಕ್ಕೇ ನನಗೆ ಪಗಾರ. ಮೂಡಲಗಿಯ ನಮ್ಮದೇ ಮನೆಯ ಒಂದು ಬಾಗಿಲಿನ ವಿಷಯದಲ್ಲಿ ತಪ್ಪುವುದಿಲ್ಲ ಎಂದುಕೊಂಡಿದ್ದೆ. ಅಗಲ ಬರೆದೆ, ಎತ್ತರ ಬರೆದೆ, ಮೋಟಾರಿನ ಜಾಗ ಬರೆದೆ. ನೆಲದ ಮೇಲೆ ಏನೂ ಇರಕೂಡದು ಎಂದು ಬರೆಯಲಿಲ್ಲ. ಅದನ್ನೂ ಬರೆಯಬೇಕಾಗುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ.

ಈ ಬಾಗಿಲು ಅವ್ವನದು. ಅವ್ವನಿಗೆ ಚಿಕ್ಕಂದಿನಲ್ಲೇ ಪೋಲಿಯೋ ಆಗಿ ಬಲಗಾಲು ಸೊರಗಿದೆ. ಬಗಲಿಗೆ ಊರುಗೋಲು ಇಟ್ಟುಕೊಂಡು ನಡೆಯುತ್ತಾಳೆ. ಆರು ಕಿಲೋಮೀಟರ್ ಆಚೆಯ ಹಳ್ಳಿಯ ಶಾಲೆಯಲ್ಲಿ ಅವಳು ಶಿಕ್ಷಕಿ. ಹಿಂದಿನ ಗಾಲಿಯ ಎರಡೂ ಬದಿಗೆ ಒಂದೊಂದು ಗಾಲಿ ಜೋಡಿಸಿದ ಸ್ಕೂಟರಿನಲ್ಲಿ ಹೋಗಿ ಬರುತ್ತಾಳೆ. ಸ್ಕೂಟರಿನ ಮೇಲೆ ಕೂತರೆ ಅವ್ವ ಯಾರಿಗೂ ಕಡಿಮೆ ಇಲ್ಲ. ಕಬ್ಬಿನ ಟ್ರ್ಯಾಕ್ಟರುಗಳನ್ನು ಹಿಂದೆ ಹಾಕುತ್ತಾಳೆ. ತೊಂದರೆ ಇದ್ದದ್ದು ಸ್ಕೂಟರನ್ನು ಹೊರಗೆ ತೆಗೆಯುವುದರಲ್ಲಿ ಮತ್ತು ಒಳಗೆ ಇಡುವುದರಲ್ಲಿ. ಅದು ನಿಲ್ಲುವ ಶೆಡ್ಡು ಮೊದಲು ನಮ್ಮ ದನದ ಮನೆ. ಎತ್ತು ಮಾರಿದ ಮೇಲೆ ಅದಕ್ಕೆ ಎರಡು ತಗಡಿನ ಕದ ಹಾಕಿದರು. ಒಂದೊಂದು ಕದವೂ ನೆಲಕ್ಕೆ ತಿಕ್ಕುತ್ತಿತ್ತು, ಎತ್ತಿ ಎಳೆಯಬೇಕಿತ್ತು. ಒಂದು ಕೈಯಲ್ಲಿ ಊರುಗೋಲು ಹಿಡಿದವಳು ಅದನ್ನು ಎಳೆಯುವುದು ಹೇಗೆ? ದಿನಾ ಬೆಳಗ್ಗೆ ಎಂಟೂ ಮುಕ್ಕಾಲಿಗೆ ಅಪ್ಪ ಬಂದು ಕದ ತೆಗೆಯಬೇಕು. ಅಪ್ಪ ಹೊಲಕ್ಕೆ ಹೋಗಿದ್ದರೆ ಪಕ್ಕದ ಮನೆಯಿಂದ ದೊಡ್ಡಪ್ಪ ಬರಬೇಕು. ಸಂಜೆ ಬಂದವಳು ರಸ್ತೆಯಲ್ಲಿ ಹಾರ್ನ್ ಹಾಕುತ್ತ ಕೂಡಬೇಕು. ಒಂದು ವಾರ ನಾನು ಮನೆಯಲ್ಲಿದ್ದಾಗ ಎಣಿಸಿದ್ದೆ: ಆರು ಸಂಜೆಗಳಲ್ಲಿ ಒಟ್ಟು ಐವತ್ತೆಂಟು ನಿಮಿಷ ಅವ್ವ ತನ್ನ ಮನೆಯ ಮುಂದೆ ಕಾದಳು.

ಏಪ್ರಿಲ್ ನಾಲ್ಕು, ಶನಿವಾರ, ಕಾಯಲಿಲ್ಲ. ಮೋಡ ಕವಿದು ಗಾಳಿ ಎದ್ದಿತ್ತು. ಸ್ಕೂಟರನ್ನು ಹೇಗೋ ಒಳಗೆ ತಂದು ತಾನೇ ಕದ ಎಳೆಯಲು ಹೋದಳು. ಗಾಳಿಗೆ ಕದ ತಿರುಗಿ ಬಂದು ಬಡಿಯಿತು. ಬಿದ್ದಳು, ಎಡಗೈ ಮಣಿಕಟ್ಟು ಮುರಿಯಿತು. ಘಟಪ್ರಭಾದ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿಸಿದೆವು. ಆರು ವಾರ. ಅಲ್ಲಿಂದ ಬರುವಾಗ ಅಪ್ಪ ಅಂದ: "ಕೂಗಿದ್ರ ಬರ್ತಿದ್ನೆಲ್ಲ. ಕೂಗಾಕ ಏನಾಗಿತ್ತ?"

ಅವ್ವ ಕಿಟಕಿಯ ಕಡೆ ಮುಖ ತಿರುಗಿಸಿದಳು. ನನ್ನ ದಿನಚರಿಯ ಆ ದಿನದ ಪುಟದಲ್ಲಿ ನಾನು ಬರೆದದ್ದು ಒಂದೇ ಸಾಲು: ಜೂನ್ ಒಂದಕ್ಕೆ ಶಾಲೆ ಶುರು, ಆ ದಿನ ಅವ್ವ ಯಾರನ್ನೂ ಕೂಗದೆ ಹೊರಗೆ ಹೋಗಬೇಕು.

ಗುಂಡಿ ಒತ್ತಿದರೆ ತಾನೇ ಮೇಲೇರುವ ಮೋಟಾರಿನ ಶಟರ್ ಹಾಕಿಸುವುದೆಂದು ನಾನೂ ಅವ್ವನೂ ಕೂತು ಮಾತಾಡಿದೆವು. ಹದಿನಾಲ್ಕು ತಿಂಗಳು ಕೂಡಿಸಿದ ನನ್ನ ಮೂವತ್ತು ಸಾವಿರ ಇತ್ತು. ಉಳಿದದ್ದು ಅವ್ವ ಕೊಡುತ್ತೇನೆಂದಳು. ಕಂಬ, ಸಿಮೆಂಟು, ಗೌಂಡಿಯ ಕೂಲಿ ಅಪ್ಪನದು.

ನಾಲ್ಕು ಕಡೆ ದರ ಕೇಳಿದೆ. ಮೂಡಲಗಿಯಲ್ಲಿ ಚದರ ಅಡಿಗೆ ಇನ್ನೂರಾ ನಲವತ್ತು. ಆದರೆ ಮೋಟಾರು ಕೂಡಿಸಿ ಅವರಿಗೆ ಗೊತ್ತಿಲ್ಲ. ಘಟಪ್ರಭಾದಲ್ಲಿ ಮುನ್ನೂರಾ ಹತ್ತು. ಹುಕ್ಕೇರಿಯವನು ಪೂರ್ತಿ ಹಣ ಮುಂಗಡ ಕೇಳಿದ. ಗೋಕಾಕದ ಅಂಗಡಿಯಲ್ಲಿ ಇನ್ನೂರಾ ಎಂಬತ್ತು, ಮೋಟಾರು ಬೇರೆ ಇಪ್ಪತ್ನಾಲ್ಕು ಸಾವಿರ. ಮೇ ಎರಡು, ಶನಿವಾರ, ಹುಕ್ಕೇರಿಯಿಂದ ಊರಿಗೆ ಬರುವಾಗ ಗೋಕಾಕದಲ್ಲಿಳಿದು ಆ ಅಂಗಡಿಗೆ ಹೋದೆ. ಅಂಗಡಿಯ ಯಜಮಾನ ಚಹಾ ತರಿಸಿ, ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರೋ ಎಂದು ಬಾಗಿಲ ಕಡೆ ನೋಡಿದರು.

"ತಂಗಿ, ಅಪ್ಪಾರ್ನ ಕರ್ಕೊಂಡ ಬಾ. ರೇಟ್ ಮಾತಾಡೂಣು."

"ರೊಕ್ಕಾ ಕೊಡಾಕಿ ನಾನರಿ. ನನ್ನ ಕೂಡನ ಮಾತಾಡ್ರಿ."

"ಆತ ಬಿಡು. ಮೋಟಾರ್ ಯಾಕ ಬೇಕ ನಿಮಗ? ಮನ್ಯಾಗ ಗಂಡಸರ ಅದಾರಿಲ್ಲ?"

"ಅದಾರ. ಅದಕ್ಕ ಬೇಕಾಗೈತಿ."

ಅವರು ನಕ್ಕರು. ನಾನು ನಗಲಿಲ್ಲ. ಒಂಬತ್ತು ಎಂಟಲೇ ಎಪ್ಪತ್ತೆರಡು ಚದರ ಅಡಿ ಎಂದು ನಾನು ಬರೆದುಕೊಂಡು ಹೋದ ಚೀಟಿಯನ್ನು ಅವರು ಪೆನ್ನಿನಿಂದ ತಿದ್ದಿದರು.

"ಹಂಗಲ್ಲ ತಂಗಿ. ಎರಡೂ ಬಾಜೂ ಹಳಿಯೊಳಗ ಹೋಗೂದ ಬ್ಯಾರೆ, ಮ್ಯಾಲ ಸುತಗೊಳ್ಳೂದ ಬ್ಯಾರೆ. ಒಂಬತ್ತೂವರಿ ಒಂಬತ್ತೂವರಿ ಹಿಡಿ. ತೊಂಬತ್ತೂಕಾಲ ಆಗತೈತಿ."

"ಕಾಣಲಾರದ್ದಕ್ಕೂ ರೊಕ್ಕಾ ಏನ್ರಿ?"

"ಸೀರಿ ಒಳಗಿನ ಸುತ್ತ ಕಾಣತೈತೇನ? ಅದಕ್ಕ ಅಂಗಡ್ಯಾಂವ ರೊಕ್ಕಾ ಬಿಡ್ತಾನೇನ?"

ಕಾಣದ ಹದಿನೆಂಟೂಕಾಲು ಚದರ ಅಡಿಗೆ ಐದು ಸಾವಿರದ ನೂರಾ ಹತ್ತು ರೂಪಾಯಿ. ಅದಕ್ಕೆ ವಾದಿಸಿ ಪ್ರಯೋಜನ ಇರಲಿಲ್ಲ. ಉಳಿದ ಮೂವರೂ ಹಾಗೆಯೇ ಲೆಕ್ಕ ಹಾಕುವವರು. ಮುಂಗಡ ಕೊಟ್ಟು ರಸೀದಿ ತೆಗೆದುಕೊಂಡೆ. ಮೇ ಹದಿನಾರಕ್ಕೆ ಕೂರಿಸಿಕೊಡುತ್ತೇನೆ ಎಂದರು. ಬಂದದ್ದು ಮೇ ಇಪ್ಪತ್ತೊಂದಕ್ಕೆ. ನಡುವೆ ನಾನು ಹನ್ನೊಂದು ಸಲ ಫೋನ್ ಮಾಡಿದೆ. ನಾಲ್ಕು ಸಲ "ಗಾಡಿ ಬಿಟ್ಟೈತಿ", ಮೂರು ಸಲ "ಪೇಂಟ್ ಒಣಗಾಕತ್ತೈತಿ", ನಾಲ್ಕು ಸಲ ಎತ್ತಲಿಲ್ಲ.

ಎಲ್ಲ ಮುಗಿದಾಗ ಆದ ಖರ್ಚು ಇದು. ಶಟರಿಗೆ ಇಪ್ಪತ್ತೈದು ಸಾವಿರದ ಇನ್ನೂರಾ ಎಪ್ಪತ್ತು, ಮೋಟಾರಿಗೆ ಇಪ್ಪತ್ನಾಲ್ಕು ಸಾವಿರ, ಎರಡರ ಮೇಲೆ ತೆರಿಗೆ ಎಂಟು ಸಾವಿರದ ಎಂಟುನೂರಾ ಅರವತ್ತೆಂಟು. ಗೋಕಾಕದಿಂದ ತಂದ ಗಾಡಿಗೆ ಎರಡು ಸಾವಿರದ ಇನ್ನೂರು. ಕೂರಿಸಿದ್ದಕ್ಕೆ ನಾಲ್ಕು ಸಾವಿರ; ದರದಲ್ಲೇ ಸೇರಿದೆ ಎಂದು ಮೊದಲು ಹೇಳಿದ್ದರು, ಆಮೇಲೆ ಸೇರಿಲ್ಲ ಎಂದರು. ವಾಯರಿಂಗಿಗೆ ಎರಡು ಸಾವಿರದ ಎಂಟುನೂರಾ ಐವತ್ತು. ಕಂಬ ಗಟ್ಟಿ ಮಾಡಿದ ಗೌಂಡಿ ಕೆಲಸಕ್ಕೆ ಏಳು ಸಾವಿರದ ನಾಲ್ಕುನೂರು. ಒಟ್ಟು ಎಪ್ಪತ್ನಾಲ್ಕು ಸಾವಿರದ ಐದುನೂರಾ ಎಂಬತ್ತೆಂಟು. ಇದರ ಹೊರಗೆ ಇನ್ನೊಂದು ಖರ್ಚಿದೆ, ಒಂದು ಸಾವಿರದ ನೂರು ರೂಪಾಯಿ. ಅದು ನನಗೆ ಗೊತ್ತಾದದ್ದು ಮೇ ಇಪ್ಪತ್ಮೂರು, ಶನಿವಾರ.

ಶಟರ್ ಕೂರಿಸಿದ ಗುರುವಾರ ನನಗೆ ರಜೆ ಸಿಕ್ಕಿರಲಿಲ್ಲ. ನಿಡಸೋಸಿಯ ಹತ್ತಿರ ಒಂದು ಹೊಲದ ಅಳತೆ ಇತ್ತು, ಎರಡೂ ಕಡೆಯವರು ಬಂದಿದ್ದರು. ಅಪ್ಪ ಸಂಜೆ ಫೋನಿನಲ್ಲಿ "ಭಾಳ ಚಂದ ಆಗೈತಿ" ಎಂದ. ಶನಿವಾರ ಬಸ್ಸಿಳಿದು ನೇರ ಶೆಡ್ಡಿಗೆ ಹೋದೆ. ಬೂದುಬಣ್ಣದ ಶಟರ್ ನಿಜವಾಗಿಯೂ ಚೆನ್ನಾಗಿತ್ತು. ಸ್ಕೂಟರಿನ ಮೇಲೆ ಕೂತೇ ಕೈಗೆ ಸಿಗುವಂತೆ ಹೊರಗಿನ ಕಂಬಕ್ಕೂ ಒಂದು ಗುಂಡಿ ಇಟ್ಟಿದ್ದರು, ಒತ್ತಿದೆ. ಗೊರ್ರೆಂದು ಮೆಲ್ಲಗೆ ಮೇಲೇರಿತು. ಅದರ ಕೆಳಗೆ, ಈ ಕಂಬದಿಂದ ಆ ಕಂಬಕ್ಕೆ, ಐದು ಇಂಚು ಎತ್ತರದ ಹೊಸ್ತಿಲು. ಇಟ್ಟಂಗಿ ಕಟ್ಟಿ ಮೇಲೆ ಶಹಾಬಾದಿ ಫರಸಿ ಕಲ್ಲು ಕೂರಿಸಿದ್ದರು. ಅರಿಷಿಣ ಬಳಿದು, ಕುಂಕುಮ ಇಟ್ಟು, ಎರಡು ತುದಿಗೆ ಹೂ ಏರಿಸಿದ್ದರು. ಹೂ ಒಣಗಿತ್ತು.

ನಾನು ಟೇಪು ತೆಗೆದು ಅಳೆದೆ. ಸಿಟ್ಟು ಬಂದಾಗ ಮೊದಲು ಅಳೆಯುವುದು ನನ್ನ ರೂಢಿ. ಐದು ಇಂಚು, ಎಲ್ಲಾ ಕಡೆಯೂ ಸಮ. ಗೌಂಡಿ ಕೆಲಸ ಮಾತ್ರ ಅಚ್ಚುಕಟ್ಟಾಗಿತ್ತು.

ಅಪ್ಪನನ್ನು ಕೇಳಿದೆ. "ನಿನ್ನ ದೊಡ್ಡಪ್ಪಗ ಕೇಳು" ಎಂದ. ದೊಡ್ಡಪ್ಪ ತನ್ನ ಮನೆಯ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಅವನಿಗೆ ಎಪ್ಪತ್ತು ದಾಟಿದೆ. ಎರಡೂ ಮನೆಯಲ್ಲಿ ಅವನ ಮಾತೇ ಮಾತು.

"ದೊಡ್ಡಪ್ಪ, ಶೆಡ್ಡಿಗೆ ಹೊಸ್ತಿಲಾ ಯಾಕ ಹಾಕ್ಸಿದಿ?"

"ಬಾಗಲಾ ಅಂದಮ್ಯಾಲ ಹೊಸ್ತಿಲಾ ಬ್ಯಾಡೇನ? ಹೊಸ್ತಿಲಾ ಇಲ್ಲದ ಬಾಗಲಾ ಎಲ್ಲೆರ ನೋಡಿಯೇನ?"

"ಎತ್ತ ಇದ್ದಾಗ ಇರಲಿಲ್ಲಲ್ಲ?"

"ಆವಾಗ ಅದು ದನದ ಮನಿ. ದನಕ್ಕ ಹೊಸ್ತಿಲಾ ಬೇಕಾಗಂಗಿಲ್ಲ. ಈಗ ಎಪ್ಪತ್ತ ಸಾವಿರದ ಬಾಗಲಾ ಬಂದೈತಿ. ಹೊಸ್ತಿಲಾ ಇಲ್ಲಂದ್ರ ಲಕ್ಷ್ಮಿ ಎಲ್ಲಿ ನಿಲ್ಲಬೇಕ?"

"ಅವ್ವನ ಗಾಡಿ ಹೆಂಗ ದಾಟತೈತಿ?"

ದೊಡ್ಡಪ್ಪ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಲಿಲ್ಲ. "ಐದ ಇಂಚು, ಅದೇನ ಗುಡ್ಡ ಅಲ್ಲ. ಎತ್ತಿ ಇಟ್ರಾತು. ಎತ್ತಾಕ ನಾವ ಅದೇವಲ್ಲ."

ಎತ್ತಾಕ ನಾವ ಅದೇವಲ್ಲ. ಎತ್ತುವವರು ಬೇಡವೆಂದೇ ಇಷ್ಟೆಲ್ಲ ಮಾಡಿದ್ದು. ಇದನ್ನು ಮೂರು ಬೇರೆ ಬೇರೆ ರೀತಿಯಲ್ಲಿ ಹೇಳಿದೆ. ದೊಡ್ಡಪ್ಪ ಮೂರು ಸಲವೂ ಅದೇ ಉತ್ತರ ಕೊಟ್ಟ, ಪ್ರತಿ ಸಲ ಇನ್ನಷ್ಟು ಪ್ರೀತಿಯಿಂದ. ಆ ಪ್ರೀತಿಯೇ ನನಗೆ ಹೆಚ್ಚು ಸಿಟ್ಟು ತರಿಸಿತು. ಕೆಟ್ಟ ಮನುಷ್ಯ ಆಗಿದ್ದರೆ ಬೈದು ಬರಬಹುದಿತ್ತು.

ಮರುದಿನ ಭಾನುವಾರ ಹಲಗೆ ಹಾಕಿ ನೋಡೋಣ ಎಂದು ಅಪ್ಪ ಹೇಳಿದ. ಹೊಸ್ತಿಲಿನ ಒಳಗೊಂದು, ಹೊರಗೊಂದು ಅಗಲವಾದ ಹಲಗೆ ಇಳಿಜಾರಾಗಿ ಇಟ್ಟ. ಅವ್ವನ ಪ್ಲಾಸ್ಟರ್ ಬಿಚ್ಚಿ ಎಂಟು ದಿನ ಆಗಿತ್ತು. ಸ್ಕೂಟರ್ ಹತ್ತಿ ಮೆಲ್ಲಗೆ ಬಿಟ್ಟಳು. ಮುಂದಿನ ಗಾಲಿ ಹೊಸ್ತಿಲು ದಾಟಿ ಹೊರಗಿನ ಹಲಗೆಗೆ ಇಳಿಯಿತು. ಹಿಂದೆ, ನಡುವಿನ ಗಾಲಿಗಿಂತ ತುಸು ಮುಂದಿರುವ ಬದಿಯ ಎರಡು ಗಾಲಿಗಳು ಫರಸಿ ಏರಿ ನಿಂತವು. ನಡುವಿನ ಗಾಲಿ, ಎಂಜಿನ್ ತಿರುಗಿಸುವ ಗಾಲಿ, ಒಳಗಿನ ಹಲಗೆಯಿಂದ ಮೇಲೆದ್ದು ಗಾಳಿಯಲ್ಲಿ ತಿರುಗತೊಡಗಿತು. ಅವ್ವ ಎಕ್ಸಲರೇಟರ್ ಕೊಟ್ಟಷ್ಟೂ ಅದು ಸುಮ್ಮನೆ ತಿರುಗಿತು. ಹಿಂದಕ್ಕೂ ಬರುವಂತಿಲ್ಲ, ಮುಂದಕ್ಕೂ ಹೋಗುವಂತಿಲ್ಲ. ಇಳಿಯಲು ಊರುಗೋಲು ಊರಬೇಕೆಂದರೆ ಕೆಳಗೆ ಓರೆ ಹಲಗೆ.

ಅಪ್ಪ ಒಂದು ಕಡೆ, ದೊಡ್ಡಪ್ಪ ಒಂದು ಕಡೆ ಹಿಡಿದು, ಅವ್ವ ಕೂತಿದ್ದಂತೆಯೇ ಸ್ಕೂಟರನ್ನು ಎತ್ತಿ ಹೊರಗಿಟ್ಟರು. ಅವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು ಹ್ಯಾಂಡಲ್ ನೋಡುತ್ತ ಕೂತಿದ್ದಳು. ದೊಡ್ಡಪ್ಪನ ಎದುರು ಅವಳು ಸೆರಗು ತಲೆಯಿಂದ ಸರಿಯಗೊಡುವುದಿಲ್ಲ, ನೇರವಾಗಿ ಮಾತಾಡುವುದಿಲ್ಲ. ಗಂಡನ ಅಣ್ಣ. ಮದುವೆಯಾಗಿ ಇಪ್ಪತ್ತೇಳು ವರ್ಷ, ಹೇಳುವುದೇನಿದ್ದರೂ ಅಪ್ಪನ ಮೂಲಕ, ಇಲ್ಲವೇ ನನ್ನ ಮೂಲಕ. ಶಾಲೆಯಲ್ಲಿ ನಲವತ್ತು ಹುಡುಗರನ್ನು ಒಂದೇ ದನಿಯಲ್ಲಿ ಕೂರಿಸುವವಳು.

"ನೋಡು, ಆತಿಲ್ಲ" ಎಂದ ದೊಡ್ಡಪ್ಪ, ಕೈ ಝಾಡಿಸುತ್ತ. "ದಿನಾ ಎರಡ ಸಲ. ನಮಗೂ ಮೈಗೆ ಚಲೋ."

ಅವರಿಬ್ಬರೂ ಹೋದ ಮೇಲೆ ನಾನು ಅವ್ವನ ಮೇಲೆಯೇ ಹರಿಹಾಯ್ದೆ.

"ಸೋಮವಾರ ಕಟ್ಟಿದ್ರಂತ. ನೀ ಇಲ್ಲೇ ಇದ್ದಿ. ಯಾಕ ಹೇಳಲಿಲ್ಲ?"

"ನನ್ನ ಯಾರರ ಕೇಳಿದ್ರೇನ? ಅರಿಷಿಣ ತಾ ಅಂದ್ರು, ತಂದೆ."

"ಪೂಜಿ ನೀನ ಮಾಡಿದಿ?"

"ಮತ್ಯಾರ ಮಾಡಬೇಕ? ಮನಿ ಹೆಣಮಗಳ ಮಾಡೂದ ಅದು."

"ನನಗರ ಒಂದ ಫೋನ್ ಹಚ್ಚಬೇಕಿಲ್ಲ?"

"ಹಚ್ಚಿದ್ರ ಏನ ಮಾಡ್ತಿದ್ದಿ? ಬಂದ ಬಡದಾಡ್ತಿದ್ದಿ. ಆಮ್ಯಾಲ ನೀ ಹುಕ್ಕೇರಿಗೆ ಹೋಗ್ತಿದ್ದಿ. ಇಲ್ಲಿ ಇರಾಕಿ ನಾ."

ಅವ್ವನ ಮಾತಿನಲ್ಲಿ ಸತ್ಯವಿತ್ತು. ಅದಕ್ಕೇ ಅವಳ ಮೇಲೆ ಸಿಟ್ಟು ಹೆಚ್ಚಾಯಿತು.

ಸೋಮವಾರ ಹುಕ್ಕೇರಿಗೆ ಹೋಗುವಾಗ ಗೋಕಾಕದಲ್ಲಿಳಿದು ಅಂಗಡಿಯ ಯಜಮಾನರಿಗೆ ಕೇಳಿದೆ. ಗಾಲಿಯ ಗಾಡಿ ದಾಟುವ ಬಾಗಿಲಿಗೆ ಹೊಸ್ತಿಲು ಕಂಡರೂ ಅದರ ಮೇಲೆಯೇ ಶಟರ್ ಕೂರಿಸಿದ್ದು ಹೇಗೆ, ನನಗೆ ಒಂದು ಫೋನ್ ಮಾಡಲು ಏನಾಗಿತ್ತು, ಆರ್ಡರ್ ನನ್ನದಲ್ಲವೇ ಎಂದು.

"ನಮ್ಮ ಫಿಟ್ಟರ್ ಕೇಳ್ಯಾನ ತಂಗಿ. ಇದರ ಮ್ಯಾಲ ಕುಂದರ್ಸೂದೇನ್ರಿ ಅಂತ ನಿಮ್ಮ ಹಿರ್ಯಾರ್ನ ಕೇಳ್ಯಾನ. ಹೂಂ ಅಂದಾರ. ಹಿರ್ಯಾರ ಹೇಳಿದ ಮ್ಯಾಲ ನಿನ್ನ ಯಾಕ ಕೇಳಬೇಕ?"

"ರಸೀದಿ ಮ್ಯಾಲ ಯಾರ ಹೆಸರೈತಿ?"

"ರಸೀದಿ ರೊಕ್ಕಕ್ಕ. ಮನಿ ಹಿರ್ಯಾರದು."

ಹೊಸ್ತಿಲು ತೆಗೆದು ಶಟರನ್ನು ನೆಲಕ್ಕೆ ಇಳಿಸಿಕೊಡಲು ಎಷ್ಟಾಗುತ್ತದೆ ಎಂದೆ. ಎರಡೂ ಹಳಿಗಳು ಹೊಸ್ತಿಲಿನ ಮೇಲೆ ನಿಂತಿವೆ, ಅವಕ್ಕೆ ತುಂಡು ಬೆಸೆಯಬೇಕು, ಮೋಟಾರು ಮತ್ತೆ ಹೊಂದಿಸಬೇಕು, ಫಿಟ್ಟರ್ ಬಂದು ಹೋಗಬೇಕು. ಆರು ಸಾವಿರದ ಐದುನೂರು. "ಆದ್ರ ಹೊಸ್ತಿಲಾ ನೀವ ತಗಸ್ಕೋರಿ. ಪೂಜಿ ಆದದ್ದ ನಮ್ಮ ಹುಡುಗೂರ ಮುಟ್ಟಂಗಿಲ್ಲ."

ಅದೇ ಮಾತನ್ನು ನಾನು ಆ ವಾರ ಇನ್ನೂ ಮೂರು ಸಲ ಕೇಳಿದೆ. ಕಟ್ಟಿದ ಗೌಂಡಿಗೇ ಮೊದಲು ಫೋನ್ ಮಾಡಿದೆ. "ಕಟ್ಟು ಅಂದ್ರ ಕಟ್ಟತೇನಿ ಅಕ್ಕಾರ. ಪೂಜಿ ಮಾಡಿದ ಹೊಸ್ತಿಲಾ ಕೀಳು ಅನಬ್ಯಾಡ್ರಿ. ನನಗೂ ಮಕ್ಕಳ ಮರಿ ಅದಾವ." ಇನ್ನೊಬ್ಬ ಬರುತ್ತೇನೆಂದು ಹೇಳಿ, ಏನು ಕೆಲಸವೆಂದು ಕೇಳಿ, ಬರಲಿಲ್ಲ. ಮೂರನೆಯವನು ಕಿತ್ತು ಹಾಕಲು ಒಪ್ಪಿದ, ಆದರೆ ದೊಡ್ಡಪ್ಪ ನಿಂತು ಹೂಂ ಅನ್ನಬೇಕಂತೆ. ಒಂಬೈನೂರು ರೂಪಾಯಿಯ ಇಟ್ಟಂಗಿ, ಸಿಮೆಂಟು, ಇನ್ನೂರು ರೂಪಾಯಿಯ ಫರಸಿ. ಅದರ ಮುಂದೆ ಎಪ್ಪತ್ನಾಲ್ಕು ಸಾವಿರ ಸುಮ್ಮನೆ ನಿಂತಿತ್ತು.

ಅಪ್ಪನಿಗೆ ದಿನಕ್ಕೊಂದು ಸಲ ಫೋನ್ ಮಾಡಿದೆ. "ನೋಡೂಣು" ಎಂದ. ಸೋಮವಾರ ನೋಡೂಣು, ಮಂಗಳವಾರ ನೋಡೂಣು, ಬುಧವಾರ ನೆಂಟರು ಬಂದಾರ, ಗುರುವಾರ ನೋಡೂಣು, ಶುಕ್ರವಾರ ಅವ್ವಗ ನಾನೇ ಬೈಕಿನ್ಯಾಗ ಬಿಟ್ಟ ಬರ್ತೇನಿ ಬಿಡು. ಅಪ್ಪ ಜಗಳಗಂಟನಲ್ಲ. ಅಣ್ಣನಿಗೆ ಎದುರಾಡಿದ್ದನ್ನು ನಾನು ನೋಡಿಲ್ಲ. ಇದನ್ನು ಊರಿನವರು ಅವನ ಒಳ್ಳೆಯ ಗುಣ ಎನ್ನುತ್ತಾರೆ. ಅದಕ್ಕೆ ಎಷ್ಟು ಬೆಲೆ, ಯಾರು ಕೊಡುತ್ತಾರೆ ಎಂದು ಅವರು ಕೇಳಿಲ್ಲ.

ಮೇ ಮೂವತ್ತು, ಶನಿವಾರ ಸಂಜೆ ಊರಿಗೆ ಬಂದಾಗ ಹೊಸ್ತಿಲು ಹಾಗೆಯೇ ಇತ್ತು. ಮೇಲೆ ಹೊಸ ಹೂವಿತ್ತು.

ಭಾನುವಾರ ಬೆಳಗ್ಗೆ ಹತ್ತರ ಸುಮಾರಿಗೆ ಅಪ್ಪ ಹೊಲಕ್ಕೆ ಹೋಗಿದ್ದ. ನಾನು ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಅವ್ವ ಊರುಗೋಲು ಊರುತ್ತ ಹೊರಗೆ ಬಂದಳು. ಇನ್ನೊಂದು ಕೈಯಲ್ಲಿ ಚೀಲ. ಶೆಡ್ಡಿನ ಮುಂದೆ ನಿಂತು ಗುಂಡಿ ಒತ್ತಿದಳು, ಶಟರ್ ಮೇಲೇರಿತು. ಚೀಲದಿಂದ ಅಪ್ಪನ ಸುತ್ತಿಗೆ ಮತ್ತು ಕಲ್ಲೊಡೆಯುವ ಚಾಣ ತೆಗೆದಳು. ಹೂ ಎತ್ತಿ ಗೋಡೆಯ ಗೂಡಿನಲ್ಲಿಟ್ಟಳು, ಒದ್ದೆ ಬಟ್ಟೆಯಿಂದ ಅರಿಷಿಣ ಕುಂಕುಮ ಒರೆಸಿದಳು, ಫರಸಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆ ಕಣ್ಣಿಗೊತ್ತಿಕೊಂಡದ್ದಕ್ಕೂ ನನಗೆ ಸಿಟ್ಟು ಬಂತು. ಆಮೇಲೆ ಗೋಡೆ ಹಿಡಿದು ಮೆಲ್ಲಗೆ ಕೆಳಗಿಳಿದು ಹೊಸ್ತಿಲಿನ ಮೇಲೆಯೇ ಕೂತಳು.

"ಚಾಣಾ ಹಿಡಿಯಾಕ ಬಾ" ಎಂದಳು ನನಗೆ. "ಈ ಕೈಲೆ ಇನ್ನೂ ಆಗಂಗಿಲ್ಲ."

"ನೀ ಏಳು, ನಾ ಒಡಿತೇನಿ."

"ಬಾಗಲಾ ಯಾರದು?"

ನಾನು ಸೀಮೆಸುಣ್ಣ ತಂದು ನಡುವೆ ನಾಲ್ಕೂವರೆ ಅಡಿ ಗುರುತು ಹಾಕಿದೆ. ಸ್ಕೂಟರಿಗೆ ಮೂರೂವರೆ ಸಾಕು. ಎರಡೂ ಕಡೆ ಅರ್ಧರ್ಧ ಅಡಿ ಹೆಚ್ಚು. ತುದಿಗಳನ್ನು ಬಿಟ್ಟರೆ ಹಳಿಗಳು ನಿಂತಲ್ಲೇ ನಿಲ್ಲುತ್ತವೆ, ಫಿಟ್ಟರೂ ಬೇಡ, ಆರು ಸಾವಿರವೂ ಬೇಡ. ಇದು ನನಗೆ ಇಡೀ ವಾರ ಹೊಳೆದಿರಲಿಲ್ಲ. ಪೂರ್ತಿ ತೆಗೆಯಬೇಕು ಎಂಬ ಹಟದಲ್ಲೇ ಇದ್ದೆ. ಹೇಳಿದ್ದು ಅವ್ವ.

ನಾನು ಚಾಣ ಹಿಡಿದೆ, ಅವ್ವ ಬಲಗೈಯಿಂದ ಹೊಡೆದಳು. ಮೊದಲ ಐದಾರು ಏಟಿಗೆ ಫರಸಿ ಜಗ್ಗಲಿಲ್ಲ. ಸದ್ದಿಗೆ ದೊಡ್ಡಪ್ಪ ತನ್ನ ಕಟ್ಟೆಯಿಂದ ಎದ್ದು ಬಂದ. ಹತ್ತು ಹೆಜ್ಜೆ ದೂರ ನಿಂತ. ಅವನು ನನ್ನ ಅವ್ವನಿಗೆ ನೇರವಾಗಿ ಹೇಳುವುದಿಲ್ಲ, ಅದೂ ರೂಢಿಯೇ.

"ಏ ತಂಗಿ, ನಿಮ್ಮವ್ವಗ ಹೇಳು. ಹೊಸ್ತಿಲಾ ಮ್ಯಾಲ ಕುಂದರಬಾರ್ದ."

ಒಡೆಯುವುದನ್ನು ಅವನು ಕಂಡನೋ ಇಲ್ಲವೋ, ಕೂತದ್ದು ಮೊದಲು ಕಂಡಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವನೇ ತಲೆ ಎತ್ತಿದಳು. ಸೆರಗು ಹಿಂದೆ ಜಾರಿತ್ತು. ಸರಿಮಾಡಿಕೊಳ್ಳಲು ಕೈ ಬಿಡುವಿರಲಿಲ್ಲ.

"ಭಾವಾರ, ನಿಂತ ಒಡಿಯಾಕ ನನ್ನ ಕಾಲ ನಿಲ್ಲಂಗಿಲ್ರಿ. ಅದಕ್ಕ ಕುಂತೇನಿ."

ದನಿ ಏರಿಸಲಿಲ್ಲ. ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ದನಿ. ದೊಡ್ಡಪ್ಪ ಅವಳನ್ನು ನೋಡಿದ, ನನ್ನನ್ನು ನೋಡಿದ, ಮೇಲೆ ಸುತ್ತಿಕೊಂಡಿದ್ದ ಶಟರನ್ನು ನೋಡಿದ.

"ನಾವ ಎತ್ತತೇವಂದ್ರ..." ಎಂದು ಶುರು ಮಾಡಿದ.

"ನೀವ ಎತ್ತತೀರಿ. ಎತ್ತಿಸ್ಕೊಳ್ಳಾಕ ನನಗ ಆಗವಲ್ದ್ರಿ" ಎಂದಳು ಅವ್ವ, ಮತ್ತೆ ಸುತ್ತಿಗೆ ಎತ್ತಿದಳು.

ದೊಡ್ಡಪ್ಪ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು ಒಳಗೆ ಹೋದ. ಆ ದಿನ ಕಟ್ಟೆಗೆ ಬರಲಿಲ್ಲ.

ಫರಸಿ ನಡುವೆ ಸೀಳಿದ ಮೇಲೆ ಇಟ್ಟಂಗಿ ಬೇಗ ಬಂದವು. ಎರಡು ತಾಸು ನಲವತ್ತು ನಿಮಿಷ. ನಡುವೆ ಅವ್ವ ಎರಡು ಸಲ ನೀರು ಕುಡಿದಳು. ನನ್ನ ಹೆಬ್ಬೆರಳಿಗೆ ಒಂದು ಏಟು ಬಿತ್ತು. ಅಪ್ಪ ಮಧ್ಯಾಹ್ನ ಬಂದು, ಮೋಟರ್ ಸೈಕಲ್ ನಿಲ್ಲಿಸಿದ. ಬುಟ್ಟಿ ತಂದು ಒಡೆದ ಇಟ್ಟಂಗಿ ತುಂಬಿದ.

"ನನಗ ಹೇಳಿದ್ರ ನಾನ ಮಾಡ್ತಿದ್ನೆಲ್ಲ" ಎಂದ.

"ಎಂಟ ದಿನಾ ಹೇಳೇನಿ" ಎಂದೆ ನಾನು. "ಬರದ ಇಟ್ಟೇನಿ. ತೋರಸ್ಲೇನ?"

"ಸಾಕ ಮಾಡು" ಎಂದಳು ಅವ್ವ, ನನಗೆ. ಯಾವಾಗಲೂ ನನಗೇ ಹೇಳುತ್ತಾಳೆ.

ಈಗ ಶಟರ್ ಪೂರ್ತಿ ಇಳಿದರೂ ನಡುವೆ ನಾಲ್ಕೂವರೆ ಅಡಿ ಅಗಲದ, ಐದು ಇಂಚಿನ ಸಂದು ಉಳಿಯುತ್ತದೆ. ಬೆಕ್ಕು ಬರಬಹುದು, ಹಾವು ಬರಬಹುದು, ಮಳೆನೀರು ಬರುವುದಂತೂ ಖಂಡಿತ. ಸಂಜೆ ಅಪ್ಪ ಟ್ರ್ಯಾಕ್ಟರಿನ ಹಳೆಯ ಟ್ಯೂಬು ಕತ್ತರಿಸಿ ಶಟರಿನ ಅಂಚಿಗೆ ಜೋತು ಬಿಟ್ಟು ಬೋಲ್ಟು ಹಾಕಿದ. ಚೆನ್ನಾಗಿ ಕಾಣುವುದಿಲ್ಲ. ಖರ್ಚು ಅರವತ್ತು ರೂಪಾಯಿ, ಬೋಲ್ಟಿಗೆ.

ಜೂನ್ ಒಂದು, ಸೋಮವಾರ, ನಾನು ಅರ್ಧ ದಿನ ರಜೆ ಹಾಕಿ ಉಳಿದೆ. ಎಂಟೂ ನಲವತ್ತಕ್ಕೆ ಅವ್ವ ಚೀಲ, ಡಬ್ಬಿ ತೆಗೆದುಕೊಂಡು ಶೆಡ್ಡಿನ ಕಡೆ ನಡೆದಳು. ನಾನು ಹಿಂದೆಯೇ ಹೋದೆ. ತಿರುಗಿ ನೋಡಿದಳು.

"ನೀ ಏನ ನೋಡ್ಕೋತ ನಿಂತಿ? ಒಳಗ ಹೋಗು."

"ಮೊದಲನೇ ದಿನಾ ಅಲ್ಲ?"

"ಒಳಗ ಹೋಗ ಅಂದ್ನೆಲ್ಲ."

ಒಳಗೆ ಹೋಗಿ ಅಡುಗೆಮನೆಯಲ್ಲಿ ನಿಂತೆ. ಶಟರ್ ಏರುವ ಗೊರ್ರ್ ಸದ್ದು ಕೇಳಿತು. ಸ್ಕೂಟರ್ ಶುರುವಾಯಿತು. ಸ್ವಲ್ಪ ಮುಂದೆ ಬಂದು ನಿಂತಿತು. ಮತ್ತೆ ಹೊರಟಿತು. ಶಟರ್ ಇಳಿಯಿತು, ರಬ್ಬರ್ ನೆಲಕ್ಕೆ ತಾಗಿದ ಮೆತ್ತನೆಯ ಸದ್ದು. ಸ್ಕೂಟರಿನ ಸದ್ದು ರಸ್ತೆಯ ತಿರುವಿನವರೆಗೂ ಕೇಳಿತು. ಒಂದೂ ಹಾರ್ನ್ ಇಲ್ಲ, ಯಾರ ಹೆಸರೂ ಇಲ್ಲ.

ಹೊರಗೆ ಬಂದಾಗ ಅಪ್ಪ ಅಂಗಳದಲ್ಲಿ ನಿಂತಿದ್ದ. ಎಂಟೂ ಮುಕ್ಕಾಲಾಗಿತ್ತು. ಹಲ್ಲುಜ್ಜುವುದನ್ನು ಅರ್ಧಕ್ಕೆ ಬಿಟ್ಟು ಬಂದಿದ್ದ, ಕೈಯಲ್ಲಿ ಬ್ರಶ್ ಇತ್ತು.

"ಹೋದ್ಲೇನ?" ಎಂದ.

"ಹೋದ್ಲು."

"ಬಾಗಲಾ ತಗಿಯಾಕ ಬಂದಿದ್ದೆ" ಎಂದು, ಮುಚ್ಚಿದ ಶಟರನ್ನು ನೋಡುತ್ತ ಅಲ್ಲಿಯೇ ನಿಂತ. ಅವನಿಗೆ ಏನಾದರೂ ಸಮಾಧಾನ ಹೇಳಬೇಕು ಅನ್ನಿಸಿತು. ಹೇಳಲಿಲ್ಲ. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ, ಹತ್ತೂಕಾಲಿನ ಬಸ್ಸಿಗೆ ತಯಾರಾಗಬೇಕಿತ್ತು.